ಬಾವಿಕಟ್ಟೆಯ ಮೂರನೆಯ ಆಯ್ಕೆ

ಪ್ರಳಯವಾದ ಮೇಲೆ ಮನುಷ್ಯರು ಹೇಗಿರುತ್ತಾರೆ ಎನ್ನುವ ವಿಷಯದಲ್ಲಿ ನನಗೂ ಗುರುಬಸವರಾಜನಿಗೂ ಪಿಯುಸಿ ಕಾಲದಿಂದ ಜಗಳ. ಅನ್ನ ನೀರು ಮುಗಿದ ದಿನವೇ ಎಲ್ಲರೂ ಒಬ್ಬರನ್ನೊಬ್ಬರು ಹರಿದು ತಿನ್ನುತ್ತಾರೆ ಎಂದು ಅವನ ವಾದ. ಹಾಗೇನಿಲ್ಲ, ಇದ್ದ ಹಾಗೇ ಇರುತ್ತಾರೆ ಎಂದು ನನ್ನದು. ನಾನು ಮನುಷ್ಯರನ್ನು ಹೊಗಳುತ್ತಿದ್ದೇನೆ ಎಂದು ಅವನು ತಿಳಿದಿದ್ದ. ನಾನೂ ತಿದ್ದಲು ಹೋಗಿರಲಿಲ್ಲ.

ಕೊಟ್ಟೂರು ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅವನದೊಂದು ಮೊಬೈಲ್ ರಿಪೇರಿ ಅಂಗಡಿ ಇದೆ. ನಾನು ಕ್ರಾಂತಿಕುಮಾರ್, ತಂಬ್ರಹಳ್ಳಿಯವನು, ಹಗರಿಬೊಮ್ಮನಹಳ್ಳಿಯ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ನಾನು ಕೇರಿಯವನು, ಅವನು ಪೇಟೆಯ ಲಿಂಗಾಯತರ ಮನೆಯವನು. ಭಾನುವಾರ ಬಂತೆಂದರೆ ಬಸ್ಸು ಹತ್ತಿ ಅವನ ಅಂಗಡಿಗೆ ಹೋಗುತ್ತೇನೆ. ಒಳಕೋಣೆಯಲ್ಲಿ ಕಂಪ್ಯೂಟರ್ ಇದೆ; ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಂದು ಮುಂದಿಟ್ಟುಕೊಂಡು ಕೂತರೆ ಮತ್ತೆ ಏಳುವುದು ಸಂಜೆಯ ಬಸ್ಸಿಗೇ. ನಾವು ಆಡುವುದು ಒಂದೇ ಬಗೆಯ ಗೇಮು. ಜಗತ್ತು ಮುಗಿದಿರಬೇಕು, ಉಳಿದ ನಾಲ್ಕು ಜನ ಹಸಿದಿರಬೇಕು, ಮತ್ತು ಆಟ ನಮ್ಮನ್ನು ತಡೆತಡೆದು ಕೇಳಬೇಕು: ಇವನನ್ನು ಉಳಿಸುತ್ತೀಯೋ, ಬಿಟ್ಟು ಹೋಗುತ್ತೀಯೋ?

ಇಂಥ ಆಟಗಳಲ್ಲಿ ಗುರುಬಸವರಾಜ ಶುದ್ಧ ರಾಕ್ಷಸ. ಗಾಯಗೊಂಡ ಮುದುಕನ ಬೂಟು ಬಿಚ್ಚಿಕೊಂಡು ಹೊರಟುಬಿಡುತ್ತಾನೆ. ಗುಂಡು ಉಳಿಸಲು ಹೆಂಗಸರನ್ನು ಮುಂದೆ ಬಿಡುತ್ತಾನೆ. ನಾನೋ, ಹೆಣ ದಾಟುವಾಗಲೂ ಹಿಂದುಮುಂದು ನೋಡುವವನು.

"ಲೇ ಕ್ರಾಂತಿ, ಪ್ರಳಯ ಆದಮ್ಯಾಗ ಎಂಥಾ ಪಾಪ ಪುಣ್ಯನಲೇ? ಬದುಕಿದಾಂವ ಬದುಕಿದ," ಎನ್ನುತ್ತಾನೆ.

"ಹಂಗಾದ್ರ ಸತ್ತಾಂವ?"

"ಸತ್ತಾಂವ ಗೇಮ್ ಓವರ್," ಎಂದು ನಕ್ಕು ಮೆಣಸಿನಕಾಯಿ ಕಚ್ಚುತ್ತಾನೆ.

ನಿಜಜೀವನದಲ್ಲಿ ಅವನು ಇರುವೆಯನ್ನೂ ಹೊಸಕುವವನಲ್ಲ. ನನ್ನ ಅಪ್ಪ ಗಾದಿಲಿಂಗಪ್ಪ ತೀರಿಕೊಂಡಾಗ ಅಂಗಡಿ ಮುಚ್ಚಿ ಬಂದು, ಮಣ್ಣು ಮುಗಿಯುವವರೆಗೂ ನನ್ನ ಹೆಗಲ ಮೇಲಿಂದ ಕೈ ತೆಗೆಯದವನು. ಅದನ್ನು ಇಲ್ಲಿ ಹೇಳದಿದ್ದರೆ ಅವನಿಗೆ ಅನ್ಯಾಯವಾಗುತ್ತದೆ.

ಕಳೆದ ವರ್ಷ ಅವನಿಗೆ ನಮ್ಮದೇ ಒಂದು ಗೇಮು ಮಾಡುವ ಹುಚ್ಚು ಹತ್ತಿತು. ಕನ್ನಡದ್ದು, ನಮ್ಮ ಸೀಮೆಯದ್ದು. ಹೆಸರು 'ಬೆಂದ ಸೀಮೆ'. ಎಲ್ಲವೂ ಸುಟ್ಟುಹೋಗಿದೆ, ಹೊಳೆ ಬತ್ತಿದೆ. ಹರಪನಹಳ್ಳಿಯಿಂದ ರೈಲು ಹಳಿ ಹಿಡಿದು ಒಬ್ಬ ಮನುಷ್ಯ ಕೊಟ್ಟೂರಿನ ಕಡೆ ನಡೆಯುತ್ತಾನೆ, ಅಲ್ಲಿ ಕೋಟೆಯಂಥ ಗೋಡೆ ಕಟ್ಟಿಕೊಂಡು ಯಾರೋ ಬದುಕಿದ್ದಾರೆ ಎಂಬ ಸುದ್ದಿ ಕೇಳಿ. ದಾರಿಯಲ್ಲಿ ಕಳ್ಳರು, ಹಸಿದ ಕರಡಿಗಳು, ಹುಚ್ಚರು. ಅವನ ಹತ್ತಿರ ಇರುವುದು ಒಂದು ಕೋಲು, ಒಂದು ಚೀಲ, ಒಂದು ಸ್ಟೀಲ್ ಲೋಟ. ಕಥೆ, ಮಾತು, ಆಯ್ಕೆಗಳು, ಯಾವ ಆಯ್ಕೆಗೆ ಎಷ್ಟು ನೀರು ಖರ್ಚು ಎಂಬ ಲೆಕ್ಕ ತುಂಬುವುದು ನನ್ನ ಕೆಲಸ. ಚಿತ್ರ, ಓಡಾಟ, ಸದ್ದು ಅವನದು. ಕಥೆ ಮುಂದೆ ಹೇಳಬೇಡ, ಪೂರ್ತಿ ಮುಗಿದ ಮೇಲೆ ಗಿರಾಕಿಯ ಹಾಗೆ ಕೂತು ಆಡುತ್ತೇನೆ ಎಂದು ಕರಾರು ಹಾಕಿದ್ದ. ನಾನು ಬೇಕಾದ ಚಿತ್ರಗಳನ್ನಷ್ಟೇ ಬಿಡಿಬಿಡಿಯಾಗಿ ಕೇಳುತ್ತಿದ್ದೆ.

ದಾರಿಯ ನಡುವೆ ಅವನು ಬಾಗಳಿಯ ಹಳೆಯ ಗುಡಿಯ ನೆರಳಿಗೆ ಬರುತ್ತಾನೆ. ಅಲ್ಲೊಂದು ಬಾವಿ. ಬಾವಿಕಟ್ಟೆಯ ಮೇಲೆ ಒಬ್ಬ ಹೆಂಗಸು ನೀರಡಿಸಿ ಸಾಯುತ್ತ ಕೂತಿದ್ದಾಳೆ. ನೀರು ಸೇದುವ ಶಕ್ತಿಯಿಲ್ಲ. ಅವನು ಸೇದಿದರೆ ತಳದ ಕೆಸರಿನ ಮೇಲೆ ನಿಂತ ಕೊನೆಯ ನೀರು ಒಂದಿಷ್ಟು ಸಿಗುತ್ತದೆ. ಆಗ ಆಟ ಕೇಳುತ್ತದೆ. ಒಂದು, ಸುಮ್ಮನೆ ದಾಟಿ ಹೋಗು. ಎರಡು, ಆಕೆಯ ಬೊಗಸೆಗೆ ನೀರು ಹಾಕು. ಮೂರು, ನೀರು ತುಂಬಿದ ನಿನ್ನ ಲೋಟವನ್ನು ಆಕೆಯ ಕೈಗೆ ಕೊಡು.

ಬೊಗಸೆಗೆ ಹಾಕಿದರೆ ಅರ್ಧ ನೀರು ಬೆರಳ ಸಂದಿಯಿಂದ ನೆಲಕ್ಕೆ ಸೋರಿಹೋಗುತ್ತದೆ. ಹಾಗೆಂದು ನಾನೇ ಲೆಕ್ಕ ತುಂಬಿದ್ದೆ, ಗುರುಬಸವರಾಜನಿಗೂ ಹೇಳದೆ. ಉಳಿದರ್ಧ ಆಕೆಗೆ ಸಾಲುವುದಿಲ್ಲ. ಅವನ ಹಿಂದೆಯೇ ನಡೆದು ಬರುತ್ತ ಕೊಟ್ಟೂರಿನ ಗೋಡೆಯ ಮುಂದೆ ಬಿದ್ದು ಸಾಯುತ್ತಾಳೆ. ಒಳಗೆ ಸಿಹಿನೀರಿನ ಸೆಲೆ ಎಲ್ಲಿದೆ ಎಂದು ಗೊತ್ತಿದ್ದವಳು ಆಕೆಯೊಬ್ಬಳೇ. ಆಕೆಯಿಲ್ಲದೆ ಬಂದವನಿಗೆ ಕಾವಲಿನವರು ಬಾಗಿಲು ತೆರೆಯುವುದಿಲ್ಲ, ಅವನೂ ಅಲ್ಲೇ ಒಣಗುತ್ತಾನೆ. ಲೋಟ ಕೊಟ್ಟರೆ ಮಾತ್ರ ಹನಿ ಚೆಲ್ಲದೆ ಆಕೆ ಕುಡಿಯುತ್ತಾಳೆ, ಬಾಗಿಲು ತೆರೆಯುತ್ತದೆ. ಇಡೀ ಗೇಮಿನಲ್ಲಿ ಒಳ್ಳೆಯ ಮುಕ್ತಾಯ ಅದೊಂದೇ.

ಈ ಬಾವಿಯನ್ನು ನಾನು ಕಲ್ಪಿಸಿಕೊಂಡದ್ದಲ್ಲ. ಪಿಯುಸಿಯಲ್ಲಿದ್ದಾಗ ಕಾಲೇಜಿನಿಂದ ಬಾಗಳಿಗೆ ಶ್ರಮದಾನದ ಕ್ಯಾಂಪು ಹೋಗಿದ್ದೆವು. ಮಧ್ಯಾಹ್ನದ ಬಿಸಿಲು, ಮುಳ್ಳು ಕಡಿದು ಕೈ ಉರಿಯುತ್ತಿತ್ತು. ನನ್ನ ಲೋಟ ನಾವು ಇಳಿದುಕೊಂಡಿದ್ದ ಶಾಲೆಯ ಕೋಣೆಯಲ್ಲೇ ಉಳಿದಿತ್ತು. ಗುರುಬಸವರಾಜ ನೀರು ಸೇದಿ, ತನ್ನ ಸ್ಟೀಲ್ ಲೋಟದಲ್ಲಿ ಗಟಗಟ ಕುಡಿದ. ನಾನು ಲೋಟಕ್ಕೆ ಕೈ ಚಾಚಿದೆ. ಅವನು ಮತ್ತೆ ತುಂಬಿದ, ತುಂಬಿದ್ದನ್ನು ಮೇಲೆತ್ತಿ ಹಿಡಿದ. ಚಾಚಿದ ನನ್ನ ಕೈ ತಾನಾಗಿಯೇ ಬೊಗಸೆಯಾಯಿತು. ಬಗ್ಗಿ ಕುಡಿದೆ. ನೀರು ಮೊಣಕೈಗಿಳಿದು ಅಂಗಿ ತೋಯಿಸಿತು. "ಕುಡಿಯಲೇ, ಇನ್ನೂ ಕುಡಿ," ಎಂದು ನಗುತ್ತ ಅವನು ಮತ್ತೆ ಮತ್ತೆ ಹೊಯ್ದ. ಅವನ ಮನಸ್ಸಿನಲ್ಲಿ ಏನೂ ಇರಲಿಲ್ಲ. ಏನೂ ಇಲ್ಲದೆಯೇ ಆ ಕೈ ಅಷ್ಟು ಮೇಲಕ್ಕೆ ಹೋಗಿತ್ತು ಎನ್ನುವುದೇ ನನಗೆ ಇವತ್ತಿಗೂ ಉರಿಯುವ ಸಂಗತಿ.

ಆಮೇಲೆ ಎಷ್ಟೋ ವರ್ಷ ಒಂದೇ ಪೇಪರಿನಲ್ಲಿ ಮಂಡಕ್ಕಿ ತಿಂದಿದ್ದೇವೆ. ಅಂಗಡಿಗೆ ಚಹಾ ಪೇಪರ್ ಕಪ್ಪಿನಲ್ಲಿ ಬರುತ್ತದೆ, ಎಲ್ಲರಿಗೂ ಅದೇ. ಅವನ ಮನೆಗೆ ಹೋದರೆ ಅವನ ತಾಯಿ ಕೊಟ್ರಮ್ಮ ನನಗೆಂದು ಸೀಲ್ ಒಡೆಯದ ನೀರಿನ ಬಾಟಲಿ ತರಿಸುತ್ತಾರೆ. ಮಿಕ್ಕವರಿಗೆ ಚೊಂಬು, ಲೋಟ. ಅದು ನನಗೆ ಕೊಡುವ ಮರ್ಯಾದೆಯೋ, ಲೋಟಕ್ಕೆ ಕೊಡುವ ಮರ್ಯಾದೆಯೋ ಎಂದು ನಾನು ಬಿಡಿಸಿ ನೋಡಿರಲಿಲ್ಲ. ಬಾಯಿ ಬಿಟ್ಟು ಕೇಳಿದರೆ ಎಲ್ಲರೂ ಒಳ್ಳೆಯವರೇ. ಅದಕ್ಕೇ ಕೇಳದೆ ತಿಳಿಯಬೇಕಿತ್ತು. ಗುರುಬಸವರಾಜ ಒಂದಲ್ಲ ಒಂದು ದಿನ ಆ ಬಾವಿಕಟ್ಟೆಗೆ ಬರುತ್ತಾನೆ, ಯಾರೂ ಹೇಳಿಕೊಡದೆ ಮೂರನೆಯದನ್ನು ಒತ್ತುತ್ತಾನೆ. ನನಗೆ ಬೇಕಾಗಿದ್ದದ್ದು ಅಷ್ಟೇ. ಈ ಗೇಮನ್ನು ನಾನು ಬರೆದದ್ದೇ ಅದಕ್ಕೆ ಎಂದರೂ ತಪ್ಪಿಲ್ಲ.

"ಒಬ್ಬಾಕಿಗೆ ನೀರು ಕೊಡೋ ಚಿತ್ರ ಬೇಕಲೇ ಬಸು," ಎಂದು ಒಂದು ಭಾನುವಾರ ಕೇಳಿದೆ. ಬೊಗಸೆ ಎನ್ನಲಿಲ್ಲ, ಲೋಟ ಎನ್ನಲಿಲ್ಲ. ಮುಂದಿನ ವಾರ ಚಿತ್ರ ತಯಾರಾಗಿತ್ತು. ಮೇಲೆತ್ತಿದ ಒಂದು ಕೈ, ಕೆಳಗೆ ಬಾಗಿದ ಒಂದು ತಲೆ, ಮುಖಕ್ಕೆ ಹತ್ತಿದ ಬೊಗಸೆ. ನೀರಿನ ಧಾರೆಯಲ್ಲಿ ಬಿಸಿಲು ಹೊಳೆಯುವುದನ್ನೂ ಬಿಟ್ಟಿರಲಿಲ್ಲ. ಬಹಳ ಮುತುವರ್ಜಿಯಿಂದ ಮಾಡಿದ್ದ.

"ಇನ್ನೊಂದು ಬೇಕು," ಎಂದೆ. "ಲೋಟಾನ ಕೈಗೆ ಕೊಡೋದು."

"ಎರಡೂ ಒಂದ ಅಲ್ಲೇನಲೇ? ನೀರು ಕೊಡೋದು ತಾನ? ಸದ್ಯಕ್ಕ ಇದನ್ನ ಎರಡೂ ಕಡಿ ಹಾಕ್ತೀನಿ, ಆಮ್ಯಾಗ ನೋಡೋಣ," ಎಂದ. ಆ ಆಮೇಲೆ ಬರಲೇ ಇಲ್ಲ.

ಗೇಮು ಒಂದು ಮಟ್ಟಕ್ಕೆ ಬಂದ ಮೇಲೆ, ಅಂಗಡಿಗೆ ಬಂದವರಿಗೆಲ್ಲ ಆಡಲು ಕೊಟ್ಟೆವು. ಮೊಬೈಲ್ ರಿಪೇರಿಗೆ ಕೊಟ್ಟು ಕಾಯುವವರಿಗೆ ಬೇರೇನು ಕೆಲಸ? ಬ್ಯಾಂಕಿನವರು, ಉಪನ್ಯಾಸಕರು, ಗ್ಯಾರೇಜಿನವರು ಎಲ್ಲರೂ ಆಡಿದರು. ಹಳಿಯ ಪಕ್ಕ ಬಿದ್ದ ಗಾಯಾಳುವನ್ನು ಕೆಲವರು ಉಳಿಸಿದರು, ಕೆಲವರು ದೋಚಿದರು. ದೋಚಿದವರು ಮನಸ್ಸು ತಡೆಯದೆ ಹಿಂದಕ್ಕೆ ಹೋಗಿ ಮತ್ತೆ ಆಡಿದರು; ಪಶ್ಚಾತ್ತಾಪಕ್ಕೆ ಗೇಮಿನಲ್ಲಿ ಒಂದು ಬಟನ್ ಇರುತ್ತದೆ, ಅದೊಂದು ಅನುಕೂಲ. ಬಾವಿಕಟ್ಟೆಯಲ್ಲಿ ಮಾತ್ರ ಯಾರೂ ತಡವರಿಸಲಿಲ್ಲ. ಕಟುಕರು ಒಂದನೆಯದನ್ನು ಒತ್ತಿದರು, ಒಳ್ಳೆಯವರು ಎರಡನೆಯದನ್ನು. ಎರಡನೆಯದನ್ನು ಒತ್ತಿದವರ ಮುಖದಲ್ಲಿ ಒಂದು ಬೆಳಕು ಇರುತ್ತಿತ್ತು, ಅದನ್ನು ನೋಡುವುದೇ ನನಗೆ ಕಷ್ಟವಾಗುತ್ತಿತ್ತು.

ಗುರುಬಸವರಾಜನ ಹೆಂಡತಿ ಶಾಂಭವಿ ಬಿಎಡ್ ಓದಿದವಳು, ಮೆದು ಮನಸ್ಸಿನವಳು. ಒಂದು ಭಾನುವಾರ ಅಂಗಡಿಗೆ ಬಂದು ಅವಳೂ ಆಡಿದಳು; ಗೋಡೆಯ ಮುಂದೆ ಆ ಹೆಂಗಸು ಬಿದ್ದಾಗ ಶಾಂಭವಿಯ ಕಣ್ಣಲ್ಲಿ ನೀರು ಬಂತು.

"ಅಣ್ಣಾರ, ನನ್ನ ಪಾಲಿಂದೂ ಹಾಕೀನಲ್ರಿ ಆಕಿಗೆ! ಮತ್ತ್ಯಾಕ ಸತ್ಲು? ಇದ್ಯಾವ ನ್ಯಾಯರಿ?"

"ನೀರು ಸಾಲಲಿಲ್ಲ ಅಕ್ಕಾರ. ಮೂರನೇದು ನೋಡಿದ್ರೇನು?"

"ನೋಡೀನ್ರಿ. ಎರಡೂ ಅದ ಅಲ್ಲೇನ್ರಿ? ಮತ್ತ ಗುರುತಿಲ್ಲದಾಕಿ, ಬಾಯಿಗೆ ಹಚ್ಚಿ ಕುಡುದ್ರ... ಕಾಯಿಲಿ ಗೀಯಿಲಿ ಇದ್ರ ಏನು ಮಾಡೋದ್ರಿ?"

ಎಲ್ಲರೂ ಸತ್ತು ಮುಗಿದ ಲೋಕದಲ್ಲೂ ಶಾಂಭವಿಗೆ ಕಾಯಿಲೆಯ ಭಯ. ನಾನು ಹೌದು ಅಕ್ಕಾರ, ಅದೂ ಖರೆ ಎಂದೆ. ಆಕೆ ಮೂಗೊರೆಸಿಕೊಂಡು ನನಗೆ ಚಹಾ ಹೇಳಿಕಳಿಸಿದಳು.

ಈ ಮಂದಿಯ ಮಾತು ಬಿಡಿ, ನಮ್ಮವ್ವನ ಕಥೆ ಕೇಳಿ. ಅವ್ವ ಸುಂಕಮ್ಮ ಓದಿದವಳಲ್ಲ. ಜೀವಮಾನವೆಲ್ಲ ಕಂಡವರ ಹೊಲದಲ್ಲಿ ಕಳೆ ತೆಗೆದು, ಬದುವಿನ ಮೇಲೆ ಕೂತು ಬೊಗಸೆಯೊಡ್ಡಿ ನೀರು ಕುಡಿದವಳು. ಬೇರೆ ಯಾರು ತಪ್ಪಿದರೂ ಈಕೆ ತಪ್ಪುವುದಿಲ್ಲ ಎಂದುಕೊಂಡು ತಂಬ್ರಹಳ್ಳಿಯ ಮನೆಯಲ್ಲಿ ಪಕ್ಕಕ್ಕೆ ಕೂರಿಸಿಕೊಂಡು, ಮೊಬೈಲಿನಲ್ಲಿ ಗೇಮು ತೆರೆದು ಆಯ್ಕೆಗಳನ್ನು ಓದಿ ಹೇಳಿದೆ.

"ಅವ್ವಾ, ಬಾವಿ ಹತ್ರ ಒಬ್ಬಾಕಿ ನೀರಡಿಸಿ ಸಾಯಾಕ ಹತ್ಯಾಳ. ನಿನ್ನ ಹತ್ರ ಒಂದು ಲೋಟ ಐತಿ. ಏನು ಮಾಡ್ತಿ?"

"ನೀರು ಕೊಡ್ತೀನಿ. ಅದನ್ನೇನು ಕೇಳ್ತಿ?"

"ಹೆಂಗ ಕೊಡ್ತಿ? ಬೊಗಸಿಗೆ ಹಾಕ್ತಿಯೋ, ಲೋಟಾನ ಕೈಗೆ ಕೊಡ್ತಿಯೋ?"

ಅವ್ವ ನನ್ನನ್ನು ಒಮ್ಮೆ, ಮೊಬೈಲನ್ನು ಒಮ್ಮೆ ನೋಡಿದಳು. "ಆಕಿ ಯಾರ ಪೈಕಿ?"

"ಗೊತ್ತಿಲ್ಲ. ಪ್ರಳಯ ಆಗೈತವ್ವಾ. ಈಗ ಯಾರೂ ಯಾರ ಪೈಕೀನೂ ಅಲ್ಲ."

"ಹಂಗಾದ್ರ ಬೊಗಸಿಗೆ ಹಾಕಪ್ಪಾ. ಆಕಿ ಮ್ಯಾಲಿನಾಕಿ ಇದ್ರ ನಮ್ಮ ಲೋಟ ಮುಟ್ಟಂಗಿಲ್ಲ. ನೀರಡಿಸಿಕ್ಯಂಡ ಸಾಯ್ತಾಳ. ಆ ಪಾಪ ನಮಗ್ಯಾಕ?"

ಅವ್ವ ಹೇಳಿದ್ದನ್ನೇ ಒತ್ತಿದೆ. ಆ ಹೆಂಗಸು ಗೋಡೆಯ ಮುಂದೆ ಬಿದ್ದಾಗ ಅವ್ವನ ಮುಖ ಸಣ್ಣಗಾಯಿತು. "ನಾನೇನರ ತಪ್ಪು ಹೇಳಿದೆನೇನೋ?" ಎಂದು ಕೇಳಿದಳು. ಇಲ್ಲವ್ವಾ, ಗೇಮೇ ಹಂಗೈತಿ ಎಂದು ಮೊಬೈಲ್ ಮುಚ್ಚಿಟ್ಟೆ. ಆ ದಿನವಿಡೀ ಆಕೆ ಆ ಹೆಂಗಸಿನ ಗುಂಗಿನಲ್ಲೇ ಇದ್ದಳು. ನನಗೆ ಸಿಟ್ಟು ಬಂದಿತ್ತು, ಯಾರ ಮೇಲೆ ಎಂದು ತಿಳಿಯದೆ ಅವ್ವನ ಮೇಲೆಯೇ ಒಮ್ಮೆ ರೇಗಿದೆ.

ಇನ್ನು ಉಳಿದವನು ಗುರುಬಸವರಾಜ ಒಬ್ಬನೇ. ಆಡಿದವರೆಲ್ಲ ಹೀಗೆ ಮಾಡಿದ ಮೇಲೆ ಅವನ ಮೇಲಿನ ಆಸೆ ಕಡಿಮೆಯಾಗಬೇಕಿತ್ತು. ನನ್ನ ಹಣೆಬರಹ, ಇನ್ನೂ ಜಾಸ್ತಿಯಾಯಿತು. ಅವನು ಬೇರೆ, ಅವನು ನನ್ನವನು ಎಂದು ಬಸ್ಸಿನುದ್ದಕ್ಕೂ ನನಗೆ ನಾನೇ ಹೇಳಿಕೊಳ್ಳುತ್ತ ಆ ಭಾನುವಾರ ಕೊಟ್ಟೂರಿಗೆ ಹೋದೆ.

ಅವನು ಅಂಗಡಿಯ ಷಟರ್ ಅರ್ಧ ಎಳೆದು, ಮೈಮೇಲೆ ದೇವರು ಬಂದವನ ಹಾಗೆ ಆಡಲು ಕೂತ. ಎಂದಿನಂತೆ ರಾಕ್ಷಸನಾಗಿಯೇ ಆಡಿದ. ಹರಪನಹಳ್ಳಿಯ ಸ್ಟೇಷನ್ನಿನ ಮುದುಕನನ್ನು ಕೊಂದು ರೊಟ್ಟಿ ಕಿತ್ತುಕೊಂಡ. ಗಾಯಾಳುವನ್ನು ಕರಡಿಗೆ ಬಿಟ್ಟು ಓಡಿದ. ಓಡುತ್ತಲೇ ನನ್ನ ತೊಡೆಗೆ ಬಡಿದು ನಕ್ಕ. ಆಮೇಲೆ ಗುಡಿಯ ಕಂಬಗಳು ಬಂದವು, ಬಾವಿ ಬಂತು, ಕಟ್ಟೆಯ ಮೇಲೆ ಹೆಂಗಸು ಬಂದಳು. ಅವನ ಕೈ ನಿಂತಿತು.

ಇಷ್ಟು ಜನರಲ್ಲಿ ಇಲ್ಲಿ ಕೈ ನಿಲ್ಲಿಸಿದವನು ಅವನೊಬ್ಬನೇ.

"ಲೇ," ಎಂದ ಮೆಲ್ಲಗೆ. "ಇದು ನಮ್ಮ ಬಾಗಳಿ ಕ್ಯಾಂಪು ಅಲ್ಲೇನೋ?"

"ಹೌದು."

"ಅವತ್ತು ನಿನಗ ನೀರು ಹಾಕಿದ್ನಲ್ಲ ನಾನು. ಅದ ಬಾವಿ ಇದು!"

"ಅದ."

ಅವನು ನನ್ನ ಕಡೆ ತಿರುಗಿದ. ಕಣ್ಣು ತುಂಬಿದ್ದವು. ನಾನು ಅವನನ್ನು ಅಷ್ಟು ಸಂತೋಷದಲ್ಲಿ ಯಾವತ್ತೂ ನೋಡಿರಲಿಲ್ಲ. "ಎಷ್ಟು ವರ್ಷ ಆತಲೇ ಮಗನ! ಅಷ್ಟು ಸಣ್ಣ ಮಾತು, ಒಂದು ಲೋಟ ನೀರು. ಅದನ್ನ ನೆನಪಿಟ್ಟು ಗೇಮಿನಾಗ ತಂದೀಯಲ್ಲೋ! ನಾನೆಂಥಾ ಕೆಟ್ಟಾಂವ ಆಗಿ ಆಡಾಕ ಹತ್ತಿದ್ದೆ. ಇಲ್ಲಿ ಮಾತ್ರ ಹಂಗ ಆಡಂಗಿಲ್ಲ ತಗಿ. ಈಕಿನ್ನ ನಾನು ಉಳಿಸ್ತೀನಿ."

ಅವನ ಬೆರಳು ಕೆಳಗಿಳಿದು ಎರಡನೆಯದನ್ನು ಒತ್ತಿತು. ಮೂರನೆಯದರ ಮೇಲೆ ಕಣ್ಣೂ ಹೋಗಲಿಲ್ಲ. ಕೈ ಮೇಲಕ್ಕೆದ್ದಿತು, ತಲೆ ಬಾಗಿತು, ಬಿಸಿಲಿಗೆ ಹೊಳೆಯುತ್ತ ನೀರು ಇಳಿಯಿತು.

ಆಗ ಹೇಳಬಹುದಿತ್ತು. ಬಸು, ಅವತ್ತು ನಾನು ಕೈ ಚಾಚಿದ್ದು ಲೋಟಕ್ಕಲೇ, ಎನ್ನಬಹುದಿತ್ತು. ಆರೇಳು ಮಾತುಗಳು, ಬಾಯಿಯವರೆಗೂ ಬಂದಿದ್ದವು. ಆದರೆ ಅವನ ಕಣ್ಣಲ್ಲಿ ಇನ್ನೂ ನೀರಿತ್ತು. ಅವನ ಬದುಕಿನ ಒಂದು ಒಳ್ಳೆಯ ಕೆಲಸವೆಂದು ಅವನು ಹಿಡಿದುಕೊಂಡಿದ್ದನ್ನೇ ಕಿತ್ತುಕೊಳ್ಳುವುದು ಹೇಗೆ? ಕಿತ್ತುಕೊಂಡರೆ ಆಮೇಲೆ ಭಾನುವಾರಗಳಲ್ಲಿ ನಾನು ಎಲ್ಲಿಗೆ ಹೋಗಲಿ? ಇದನ್ನು ಕರುಣೆ ಎಂದು ಹೇಳಿಕೊಳ್ಳುವಷ್ಟು ಭಂಡತನ ನನಗಿಲ್ಲ. ಹೆದರಿಕೆ ಅದು. ನಾನು ಸುಮ್ಮನೆ ದಾಟಿ ಹೋದೆ.

ಗೋಡೆಯ ಮುಂದೆ ಹೆಂಗಸು ಬಿದ್ದು ಸತ್ತಾಗ ಅವನು ಕುರ್ಚಿಯಿಂದ ಎದ್ದೇಬಿಟ್ಟ.

"ಏಯ್! ಯಾಕ ಸತ್ಲು? ನೀರು ಹಾಕೀನಲ್ಲೋ!"

"ಸಾಲಲಿಲ್ಲ."

"ಹೆಂಗ ಸಾಲಲ್ಲ? ಪೂರ್ತಿ ಹಾಕೀನಿ. ಲೇ, ಇದರಾಗ ಬಗ್ ಐತಿ." ಹಿಂದಕ್ಕೆ ಹೋಗಿ ಮತ್ತೆ ಆಡಿದ, ಮತ್ತೆ ಎರಡನೆಯದನ್ನೇ ಒತ್ತಿದ, ಮತ್ತೆ ಆಕೆ ಸತ್ತಳು. ನಾನು ನೋಡುತ್ತ ಕೂತೆ. "ಬಗ್ ಅದು ಬಗ್. ಈ ವಾರ ಕುಂತು ತಗೀತೀನಿ. ನೀನು ಚಿಂತಿ ಮಾಡಬ್ಯಾಡ," ಎಂದು ಅವನೇ ನನ್ನ ಬೆನ್ನು ತಟ್ಟಿದ. ಮಂಡಕ್ಕಿ ಹಾಗೇ ಉಳಿದು ಮೆತ್ತಗಾಗಿತ್ತು.

ಮುಂದಿನ ಭಾನುವಾರ ನಾನು ಕೊಟ್ಟೂರಿಗೆ ಹೋಗಲಿಲ್ಲ. ಅವ್ವನಿಗೆ ಮೈಯಲ್ಲಿ ಹುಷಾರಿಲ್ಲ ಎಂದು ಸುಳ್ಳು ಹೇಳಿ ತಂಬ್ರಹಳ್ಳಿಗೆ ಬಂದೆ. ಮಧ್ಯಾಹ್ನ ಅವನ ಧ್ವನಿ ಸಂದೇಶ ಬಂತು.

"ಕ್ರಾಂತಿ, ಬಗ್ ಸಿಕ್ತಲೇ! ನೀರಿನ ಲೆಕ್ಕದಾಗ ನಿನ್ನ ಕೈ ತಪ್ಪಿ ಅರ್ಧ ಅಂತ ಬಿದ್ದಿತ್ತು. ಪೂರ್ತಿ ಮಾಡೀನಿ. ಮತ್ತ ಆ ಮೂರನೇ ಆಯ್ಕಿ ಯಾರೂ ಒತ್ತಿದ್ದಿಲ್ಲ ನೋಡು, ಸುಮ್ಮನ ಗೊಂದಲ ಅಂತ ಎರಡೂ ಸೇರಿಸಿ ಒಂದ ಮಾಡಿಬಿಟ್ಟೆ. ಈಗ 'ನೀರು ಕೊಡು' ಅಂತ ಅಷ್ಟ ಐತಿ. ಈಗ ಆಕಿ ಬದುಕ್ತಾಳಲೇ. ಶಾಂಭವಿ ಆಡಿದ್ಲು, ಭಾಳ ಖುಷಿ ಆತು ಆಕಿಗೆ. ಅವ್ವ ಹೆಂಗದಾಳ?"

ಹೊಸ ಗೇಮನ್ನು ಮೊಬೈಲಿಗೆ ಇಳಿಸಿಕೊಂಡು ಕೂತೆ. ಅವ್ವ ಹುಣಸೆಹಣ್ಣು ಬಿಡಿಸುತ್ತಿದ್ದವಳು ಕೈ ಒರೆಸಿಕೊಂಡು ಪಕ್ಕಕ್ಕೆ ಬಂದಳು. ಹಳಿ, ಕರಡಿ, ಗುಡಿ, ಬಾವಿ. ಈಗ ಅಲ್ಲಿ ಎರಡೇ ಆಯ್ಕೆಗಳಿದ್ದವು. ನೀರು ಕೊಡು ಎಂಬುದನ್ನು ಒತ್ತಿದೆ. ಕೈ ಮೇಲಕ್ಕೆದ್ದಿತು. ತಲೆ ಬಾಗಿತು. ಅಷ್ಟೆತ್ತರದಿಂದ ಬಿದ್ದ ನೀರಿನಲ್ಲಿ ಒಂದು ಹನಿಯೂ ಸೋರಲಿಲ್ಲ. ಗೋಡೆಯ ಮುಂದೆ ಆಕೆ ನೆಟ್ಟಗೆ ನಡೆದು ಬಂದಳು, ಬಾಗಿಲು ತೆರೆಯಿತು, ಇಬ್ಬರೂ ಒಳಗೆ ಹೋದರು. ನಾನು ಲೋಟ ಕೊಟ್ಟವರಿಗೆಂದು ಬರೆದಿಟ್ಟಿದ್ದ ಮಾತುಗಳನ್ನೇ ಆಕೆ ಕೈಮುಗಿದು ಹೇಳಿದಳು: ನಿನ್ನ ಹೊಟ್ಟಿ ತಣ್ಣಗಿರಲಿ, ನನ್ನನ್ನ ಮನಷ್ಯಾಳು ಅಂತ ಕಂಡಿ.

"ಬದುಕಿದ್ಲೇನೋ?" ಎಂದಳು ಅವ್ವ.

"ಬದುಕಿದ್ಲವ್ವಾ."

ಅವ್ವನ ಮುಖ ಅರಳಿತು. ಅಷ್ಟು ದಿನದಿಂದ ಮನಸ್ಸಿನಲ್ಲಿಟ್ಟುಕೊಂಡಿದ್ದ ಭಾರ ಇಳಿದಂತೆ ಉಸಿರು ಬಿಟ್ಟಳು. "ನೋಡು, ಬೊಗಸಿಗೆ ಹಾಕು ಅಂತ ನಾನು ಅವತ್ತ ಹೇಳಿದ್ದಿಲ್ಲೇನು? ನೀನ ಸಿಟ್ಟಾದಿ," ಎಂದು ಮತ್ತೆ ಹುಣಸೆಹಣ್ಣಿನ ಕಡೆ ಹೋದಳು.

ನಾನು ಗುರುಬಸವರಾಜನಿಗೆ, ಚಲೋ ಆಗೈತಿ, ಎಂದು ಬರೆದು ಕಳಿಸಿದೆ.